ಅಟ್ಟದ ಮೇಲಿನ ಟಿವಿ ಗೇಮಿಗೆ ನನ್ನ ಮತ

ಪ್ರಶ್ನೆ: ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಈ ಸಲ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ವಿಡಿಯೋ ಗೇಮಿನ ಮಾತು ಬಂತು. ಪ್ಲೇಸ್ಟೇಷನ್ 2 ಮಾರಾಟವಾದಷ್ಟು ಬೇರೆ ಯಾವ ಕನ್ಸೋಲೂ (ಆಟ ಆಡುವ ಯಂತ್ರ) ಮಾರಾಟವಾಗಿಲ್ಲ, ಹಾಗಾಗಿ ಅದೇ ಅತ್ಯಂತ ಪ್ರಭಾವಶಾಲಿ ಎಂದು ಬೆಂಗಳೂರಿನಿಂದ ಬಂದ ಅಣ್ಣ ಹೇಳಿದ. ಎಲ್ಲ ಶುರುವಾಗಿದ್ದೇ ಅಮೆರಿಕದ ಅಟಾರಿ ಕಂಪನಿಯ ಯಂತ್ರದಿಂದ ಎಂದು ತಂಗಿ ವಾದಿಸಿದಳು. ಚಿಕ್ಕಪ್ಪ ಮಾತ್ರ, ತಾನು ಹುಡುಗನಾಗಿದ್ದಾಗ ಆಡಿದ ‘ಟಿವಿ ಗೇಮ್’ ಮುಂದೆ ಇವೆಲ್ಲ ಏನೂ ಅಲ್ಲ ಎಂದುಬಿಟ್ಟರು. ಅಡಿಕೆಗಿಂತ ಮಾತೇ ಹೆಚ್ಚು ಸುಲಿದಂತಾಯಿತು. ನಿಜಕ್ಕೂ ಯಾವುದರ ಪ್ರಭಾವ ದೊಡ್ಡದು? ಚಿಕ್ಕಪ್ಪನ ಆ ಸೆಟ್ ಇನ್ನೂ ಅಟ್ಟದ ಮೇಲಿದೆ. ಅದಕ್ಕೆ ಮತ್ತೆ ಜೀವ ಬರಿಸಬಹುದೇ?

ಉತ್ತರ: ನಿಮ್ಮ ಚಿಕ್ಕಪ್ಪ ಗೆದ್ದರು. ಅವರ ‘ಟಿವಿ ಗೇಮ್’ ಬಹುತೇಕ ಜಪಾನಿನ ಫ್ಯಾಮಿಕಾಮ್ ಎಂಬ ಯಂತ್ರದ ನಕಲು, ನನ್ನ ಮೊದಲ ಸ್ಥಾನ ಆ ಯಂತ್ರಕ್ಕೆ. ಅವರು ಯಾಕೆ ಗೆದ್ದರು ಎಂಬುದು ಅವರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನನ್ನ ಪಕ್ಷಪಾತವನ್ನು ಒಪ್ಪಿಕೊಂಡುಬಿಡುತ್ತೇನೆ. ಕಾರವಾರದಲ್ಲಿ ಬಹುಕಾಲ ಟಿವಿ ರಿಪೇರಿ ಮಾಡಿದವನು ನಾನು. ತೊಂಬತ್ತರ ದಶಕದಲ್ಲಿ ನನ್ನ ಮೇಜಿನ ಮೇಲೆ ಬಂದ ಟಿವಿ ಗೇಮುಗಳಿಗೆ ಲೆಕ್ಕವಿಲ್ಲ. ಅಟಾರಿ ಒಂದೂ ಬಂದಿಲ್ಲ. ಕೈಯಲ್ಲಿ ಬಿಚ್ಚಿ ನೋಡಿದ ಯಂತ್ರದ ಮೇಲೆ ಮೋಹ ಇರುವುದು ಸಹಜ. ಆ ಮೋಹವನ್ನು ಕಳೆದರೂ ನನ್ನ ಮತ ಬದಲಾಗುವುದಿಲ್ಲ ಎಂದು ಕೊನೆಗೆ ನಿಮಗೇ ಅನ್ನಿಸಬಹುದು.

ನಿಮ್ಮ ಅಣ್ಣನ ಅಳತೆಗೋಲಿನಲ್ಲೇ ತಪ್ಪಿದೆ. ಅಂಕೋಲೆಯ ಇಶಾಡು ಮಾವನ್ನೇ ತೆಗೆದುಕೊಳ್ಳಿ. ಒಂದು ಹಂಗಾಮಿನಲ್ಲಿ ಯಾವ ತೋಟದಿಂದ ಹೆಚ್ಚು ಬುಟ್ಟಿ ಮಾರಾಟವಾಯಿತು ಎಂಬುದು ಒಂದು ಲೆಕ್ಕ. ಊರಿನವರೆಲ್ಲ ಯಾವ ಮರದಿಂದ ಕಡ್ಡಿ ತಂದು ಕಸಿ ಕಟ್ಟಿದರು ಎಂಬುದು ಇನ್ನೊಂದು. ಪ್ಲೇಸ್ಟೇಷನ್ 2 ಮೊದಲ ಲೆಕ್ಕದಲ್ಲಿ ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ: 15 ಕೋಟಿ 50 ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಯಂತ್ರ ಅದು. ಪ್ರಭಾವವನ್ನು ನಾನು ಅಳೆಯುವುದು ಕಸಿಯ ಲೆಕ್ಕದಲ್ಲಿ. ಒಂದು ಯಂತ್ರ ಬಂದು ಹೋದ ಮೇಲೆ, ಅದರ ಯಾವ ಗುಣವನ್ನು ಬಿಟ್ಟು ಮುಂದಿನವರು ಇನ್ನೊಂದು ಯಂತ್ರ ಮಾಡಲಾಗದೆ ಹೋಯಿತು?

ತಂಗಿಯ ಮಾತಿಗೆ ಬರೋಣ. ಎಲ್ಲಕ್ಕಿಂತ ಮೊದಲು ಬಂದದ್ದು ಅಟಾರಿಯಲ್ಲ. ರಾಲ್ಫ್ ಬೇರ್ ಎಂಬ ಎಂಜಿನಿಯರ್ ರೂಪಿಸಿದ ಮ್ಯಾಗ್ನವಾಕ್ಸ್ ಒಡಿಸ್ಸಿ 1972ರಲ್ಲೇ ಬಂದಿತ್ತು. ಅದಕ್ಕೆ ಶಬ್ದವಿಲ್ಲ, ಬಣ್ಣವಿಲ್ಲ. ಆಟ ಬದಲಾದಂತೆ ಟಿವಿಯ ಗಾಜಿಗೆ ಚಿತ್ರವಿರುವ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕಿತ್ತು. ಪ್ರೊಗ್ರಾಮ್ ಇರುವ ಕ್ಯಾಸೆಟ್ ಬದಲಾಯಿಸಿ ಹೊಸ ಆಟ ಆಡುವ ಪದ್ಧತಿಯನ್ನು 1976ರಲ್ಲಿ ತಂದದ್ದು ಫೇರ್‌ಚೈಲ್ಡ್ ಚಾನೆಲ್ ಎಫ್. ಆ ತಂಡದ ಮುಖ್ಯಸ್ಥ ಜೆರ್ರಿ ಲಾಸನ್ ಅವರ ಹೆಸರು ಬಹಳ ವರ್ಷ ಯಾರ ಬಾಯಲ್ಲೂ ಇರಲಿಲ್ಲ. ಮರುವರ್ಷವೇ ಅಟಾರಿ ಅದೇ ಉಪಾಯವನ್ನು ಜನಪ್ರಿಯಗೊಳಿಸಿ ಹೆಸರು ತೆಗೆದುಕೊಂಡಿತು.

ಹೆಸರು ಪುಕ್ಕಟೆ ಬಂದದ್ದೂ ಅಲ್ಲ. ಮುಂದೆ 2600 ಎಂದು ಕರೆಸಿಕೊಂಡ ಆ ಅಟಾರಿಯ ತಾತ್ಕಾಲಿಕ ನೆನಪು 128 ಬೈಟ್. ಯುನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ನೀವು ಈಗ ಓದುತ್ತಿರುವ ಈ ಒಂದು ವಾಕ್ಯವೇ ಅದರಲ್ಲಿ ಹಿಡಿಸುವುದಿಲ್ಲ. ಇಡೀ ಪರದೆಯ ಚಿತ್ರವನ್ನು ಎಲ್ಲಿಯೋ ಬರೆದಿಟ್ಟುಕೊಂಡು ತೋರಿಸಲು ಅಲ್ಲಿ ಜಾಗವೇ ಇರಲಿಲ್ಲ. ಟಿವಿಯ ಎಲೆಕ್ಟ್ರಾನ್ ಕಿರಣ ಗೆರೆ ಎಳೆಯುತ್ತ ಬರುವಾಗ, ಪ್ರತಿ ಗೆರೆಗೂ ಮುಂಚೆ ಪ್ರೊಗ್ರಾಮ್ ಓಡಿ ಆ ಗೆರೆಯಲ್ಲಿ ಏನಿರಬೇಕೆಂದು ಹೇಳಬೇಕು. ತೇರು ಉರುಳಿ ಬರುತ್ತಿರುವಾಗ ಅದರ ಮುಂದೆ ಓಡುತ್ತ ರಂಗೋಲಿ ಹಾಕಿದಂತೆ. ಅಂಥದ್ದರಲ್ಲಿ ಆಟ ಬರೆದವರ ಹೆಸರನ್ನು ಕಂಪನಿ ಡಬ್ಬಿಯ ಮೇಲೆ ಹಾಕುತ್ತಿರಲಿಲ್ಲ. ಬೇಸತ್ತ ಕೆಲವರು 1979ರಲ್ಲಿ ಹೊರಬಂದು ಆಕ್ಟಿವಿಷನ್ ಕಟ್ಟಿದರು. ಯಂತ್ರ ಒಬ್ಬರದು, ಆಟ ಇನ್ನೊಬ್ಬರದು ಎಂಬ ವ್ಯವಸ್ಥೆ ಹುಟ್ಟಿದ್ದು ಹಾಗೆ. ಅದಕ್ಕಾಗಿ ಅಟಾರಿಗೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ.

ಮೊದಲನೆಯದನ್ನು ಕೊಡದಿರುವುದಕ್ಕೂ ಅದೇ ಕಾರಣ. ಬಾಗಿಲು ತೆರೆದ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದಾಯಿತು. ಅಂಗಡಿಗಳಲ್ಲಿ ಕೆಟ್ಟ ಆಟಗಳ ರಾಶಿ ಬಿತ್ತು. 1983ರಲ್ಲಿ ಅಮೆರಿಕದಲ್ಲಿ 300 ಕೋಟಿ ಡಾಲರ್ ಮೀರಿದ್ದ ವಹಿವಾಟು 1985ರ ಹೊತ್ತಿಗೆ 10 ಕೋಟಿಯ ಆಸುಪಾಸಿಗೆ ಇಳಿಯಿತು. ಮಾರಾಟವಾಗದ ಕ್ಯಾಸೆಟ್‌ಗಳನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತಿತು. ಇದು ಕಟ್ಟುಕಥೆ ಎನ್ನುವವರು ಬಹಳ ಜನ ಇದ್ದರು. 2014ರಲ್ಲಿ ಅಗೆದಾಗ ಕ್ಯಾಸೆಟ್‌ಗಳು ನಿಜವಾಗಿಯೂ ಸಿಕ್ಕವು.

ಅಮೆರಿಕದಲ್ಲಿ ಮಾರುಕಟ್ಟೆ ಮುಳುಗುತ್ತಿದ್ದ ಅದೇ 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಬಿಡುಗಡೆಯಾಯಿತು. ವಿನ್ಯಾಸ ಮಾಸಾಯುಕಿ ಉಯೆಮುರಾ ಅವರದು. ಎರಡು ವರ್ಷದ ನಂತರ ಇದನ್ನೇ ಅಮೆರಿಕಕ್ಕೆ ಒಯ್ಯುವಾಗ ‘ವಿಡಿಯೋ ಗೇಮ್’ ಎಂಬ ಶಬ್ದ ಕೇಳಿದರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳುವ ಸ್ಥಿತಿ. ಆದ್ದರಿಂದ ವಿಸಿಆರ್‌ನಂತೆ ಕಾಣುವ ಬೂದು ಡಬ್ಬಿ ಮಾಡಿ, ಎನ್‌ಇಎಸ್ ಎಂದು ಹೆಸರಿಟ್ಟು, ಜೊತೆಗೊಂದು ಆಟಿಕೆ ರೋಬೋಟ್ ಸೇರಿಸಿ ಮಾರಿದರು. ಒಳಗೆ ಬೀಗದ ಚಿಪ್ ಒಂದನ್ನು ಕೂರಿಸಿದರು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಆಟ ಶುರುವಾಗದು. ಆ ಜೋಡಿ ಬೇಕಾದರೆ ನಿಂಟೆಂಡೋ ಒಪ್ಪಿಗೆ ಬೇಕು, ಅದಕ್ಕೆ ಹಣವನ್ನೂ ಕಟ್ಟಬೇಕು. ಇಂದು ಮೊಬೈಲಿನ ಆಪ್ ಅಂಗಡಿಯವರು ಆಟ ಬರೆದವರಿಂದ ಶೇಕಡ 30ರವರೆಗೆ ಪಾಲು ಹಿಡಿಯುತ್ತಾರಲ್ಲ, ಆ ವ್ಯಾಪಾರದ ಮೂಲ ಕಡ್ಡಿ ಇಲ್ಲಿಯದು. ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ನನಗೆ ವೈಯಕ್ತಿಕವಾಗಿ ಹಿಡಿಸಿದ್ದಲ್ಲ.

ಅದಕ್ಕಿಂತ ದೊಡ್ಡ ಪುರಾವೆ ನಿಮ್ಮ ಹೆಬ್ಬೆರಳುಗಳಲ್ಲೇ ಇದೆ. ಅಟಾರಿಯ ಜಾಯ್‌ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೋಲನ್ನು ತಿರುಗಿಸಬೇಕಿತ್ತು. ಗುಂಡಿ ಎಡ ಮೂಲೆಯಲ್ಲಿ. ಅಂದರೆ ನಡಿಗೆ ಬಲಗೈಗೆ, ಹೊಡೆತ ಎಡಗೈಗೆ. ಫ್ಯಾಮಿಕಾಮ್ ಇದನ್ನು ತಲೆಕೆಳಗು ಮಾಡಿತು. ಗುನ್‌ಪೇ ಯೊಕೊಯಿ 1982ರಲ್ಲಿ ಒಂದು ಕೈಯಾಟಿಕೆಗಾಗಿ ರೂಪಿಸಿದ್ದ, ಕೂಡುವ ಚಿಹ್ನೆಯ (+) ಆಕಾರದ ಗುಂಡಿಯನ್ನು ಎಡ ಹೆಬ್ಬೆರಳಿನ ಕೆಳಗಿಟ್ಟು, ಎ ಮತ್ತು ಬಿ ಗುಂಡಿಗಳನ್ನು ಬಲ ಹೆಬ್ಬೆರಳಿಗೆ ಕೊಟ್ಟಿತು. ಪ್ಲೇಸ್ಟೇಷನ್ನಿನ ಕಂಟ್ರೋಲರ್ ನೋಡಿ, ಎಕ್ಸ್‌ಬಾಕ್ಸಿನದನ್ನು ನೋಡಿ: ನಡೆಯಲು ಎಡ, ಹೊಡೆಯಲು ಬಲ. ಗುಂಡಿಯೇ ಇಲ್ಲದ ಮೊಬೈಲಿನ ಗಾಜಿನ ಮೇಲೆ ಕೂಡ ಓಡಲು ವೃತ್ತ ಎಡಗಡೆ, ಗುಂಡು ಹಾರಿಸುವ ಚಿಹ್ನೆ ಬಲಗಡೆ. ಬಸ್ ನಿಲ್ದಾಣದಲ್ಲಿ ತಲೆ ತಗ್ಗಿಸಿ ಆಡುತ್ತಿರುವ ಹುಡುಗನಿಗೆ ಫ್ಯಾಮಿಕಾಮ್ ಎಂಬ ಶಬ್ದ ಗೊತ್ತಿಲ್ಲ. ಅವನ ಹೆಬ್ಬೆರಳಿಗೆ ಗೊತ್ತಿದೆ.

ಯಂತ್ರದ ಒಳಗಿನ ಬಡತನವೂ ಹೇಳುವಂಥದ್ದು. ನಿಂಟೆಂಡೋ ಆಟಗಳ ನಾಯಕ ಮಾರಿಯೋನ ಮೊದಲ ದೊಡ್ಡ ಆಟ, 1985ರದ್ದು, ಒಟ್ಟು 40 ಕಿಲೋಬೈಟ್. ನಿಮ್ಮ ಫೋನು ತೆಗೆಯುವ ಒಂದು ಫೋಟೋದಲ್ಲಿ ಅಂಥ ಐವತ್ತು ನೂರು ಆಟ ಹಿಡಿಸಬಹುದು. ಜಾಗ ಉಳಿಸಲು ಅವರು ಮಾಡಿದ ಒಂದು ಚಮತ್ಕಾರವನ್ನು ಚಿಕ್ಕಪ್ಪನಿಗೆ ತೋರಿಸಿ: ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲು ಯಂತ್ರಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ವೈರಿಗಳು ಜಾಸ್ತಿಯಾದಾಗ ಗೊಂಬೆಗಳು ಮಿನುಗುತ್ತಿದ್ದವು. ಎಷ್ಟು ತಂದೆಯಂದಿರು ‘ಟಿವಿ ಹಾಳಾಗುತ್ತಿದೆ’ ಎಂದು ಇದೇ ಮಿನುಗನ್ನು ತೋರಿಸಲು ನನ್ನನ್ನು ಮನೆಗೆ ಕರೆದಿದ್ದಾರೋ! ಟಿವಿಗೆ ಏನೂ ಆಗಿಲ್ಲ ಎಂದರೆ ನಂಬುತ್ತಿರಲಿಲ್ಲ.

ಶಬ್ದದ ಏರ್ಪಾಡು ನಮ್ಮ ಯಕ್ಷಗಾನದ ಹಿಮ್ಮೇಳದ ಹಾಗಿತ್ತು. ರಾಗ ನುಡಿಸಲು ಎರಡು ದನಿ, ಕೆಳಗಿನ ಆಧಾರಕ್ಕೆ ಒಂದು, ಚೆಂಡೆಯ ಕೆಲಸಕ್ಕೆ ಬರೀ ಗದ್ದಲ ಹೊರಡಿಸುವ ಇನ್ನೊಂದು, ರೆಕಾರ್ಡ್ ಮಾಡಿದ ಚೂರುಪಾರು ಸದ್ದಿಗೆ ಐದನೆಯದು. ಐದೇ ಜನರ ಮೇಳ. ಆ ಮೇಳ ನುಡಿಸಿದ ಮಟ್ಟುಗಳನ್ನು ನಾಲ್ಕು ದಶಕದ ನಂತರವೂ ಜನ ಗುನುಗುತ್ತಾರೆ.

ಈಗ ಚಿಕ್ಕಪ್ಪನ ಸೆಟ್ಟಿಗೆ ಬರುತ್ತೇನೆ. ಅದರ ಮೇಲೆ ಯಾವ ಹೆಸರು ಬರೆದಿದ್ದರೂ ಒಳಗಿರುವುದು ಬಹುತೇಕ ಫ್ಯಾಮಿಕಾಮ್‌ನ ನಕಲು. ಗುರುತು ಹಿಡಿಯುವುದು ಸುಲಭ: ಕ್ಯಾಸೆಟ್ ಕೂರುವ ಬಾಯಲ್ಲಿ 60 ಪಿನ್ ಇರುತ್ತವೆ. ಅಮೆರಿಕದ ಎನ್‌ಇಎಸ್‌ನಲ್ಲಿ 72. ನಕಲು ಮಾಡಿದವರು ಅಮೆರಿಕದ್ದನ್ನು ಬಿಟ್ಟು ಜಪಾನಿನದನ್ನೇ ಹಿಡಿದದ್ದಕ್ಕೆ ಕಾರಣವಿದೆ. ನಾನು ಮೇಲೆ ಹೇಳಿದ ಬೀಗದ ಚಿಪ್ ಜಪಾನಿನ ಫ್ಯಾಮಿಕಾಮ್‌ನಲ್ಲಿ ಇರಲಿಲ್ಲ. ಬಾಗಿಲಿಗೆ ಬೀಗವಿಲ್ಲದ ಮನೆ. ತೈವಾನ್, ಚೀನಾಗಳಲ್ಲಿ ಅಗ್ಗದ ಚಿಪ್‌ಗಳಲ್ಲಿ ಅದರ ಪಡಿಯಚ್ಚು ತಯಾರಾಗಿ ಅರ್ಧ ಜಗತ್ತಿಗೆ ಹರಿಯಿತು. ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಿನಲ್ಲಿ ಇದೇ ಯಂತ್ರ ಮನೆಮಾತಾಯಿತು. ನಿಂಟೆಂಡೋ ಕಂಪನಿಯ ಲೆಕ್ಕಪುಸ್ತಕದಲ್ಲಿರುವ 6 ಕೋಟಿ 19 ಲಕ್ಷದ ಅಂಕಿಯಲ್ಲಿ ಈ ನಕಲುಗಳು ಒಂದೂ ಸೇರಿಲ್ಲ. ಮಾರಾಟದ ಅಂಕಿ ನೋಡಿ ಪ್ರಭಾವ ಅಳೆಯಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ನಮ್ಮ ಕರಾವಳಿಗೆ ಇದು ಎರಡು ದಿಕ್ಕಿನಿಂದ ಬಂತು. ಭಟ್ಕಳದ ಅಂಗಡಿಗಳಲ್ಲಿ ಕೊಲ್ಲಿಯಿಂದ ಬಂದವರ ಸಾಮಾನಿನ ಜೊತೆ ಕೆಳಗಿನಿಂದ, ಮಡಗಾಂವ್‌ನಿಂದ ಬಸ್ಸಿನಲ್ಲಿ ಚೀಲದೊಳಗೆ ಮೇಲಿನಿಂದ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅಷ್ಟರೊಳಗೆ ಮಾರಿಯೋ ಕಾಳಿ ಸೇತುವೆ ದಾಟಿಯಾಗಿತ್ತು. ಕ್ಯಾಸೆಟ್ಟಿನ ಮೇಲೆ ‘99,99,999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇದ್ದದ್ದು ಬೆರಳಲ್ಲಿ ಎಣಿಸುವಷ್ಟು ಆಟ, ಅವೇ ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು ಅಷ್ಟೆ. ಒಮ್ಮೆ ಬೈತಖೋಲದ ಮೀನುಗಾರರ ಮನೆಯ ಹುಡುಗನೊಬ್ಬ ಅಂಥ ಕ್ಯಾಸೆಟ್ ತಂದು, ಇಷ್ಟು ಲಕ್ಷ ಆಟಗಳಲ್ಲಿ ಒಂದೂ ನಡೆಯುತ್ತಿಲ್ಲ ಎಂದ. ಸ್ಕ್ರೂ ಬಿಚ್ಚಿದೆ. ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆಂಕಿಪೊಟ್ಟಣದಷ್ಟು ಹಸಿರು ಬೋರ್ಡು, ನಡುವೆ ಚಿಪ್ ಮುಚ್ಚಿದ ಕರಿ ಅಂಟಿನ ಒಂದು ಹನಿ, ಉಳಿದದ್ದೆಲ್ಲ ಖಾಲಿ. ಅಂಚಿನ ತಾಮ್ರದ ಪಟ್ಟಿಗಳು ಹಸಿರುಗಟ್ಟಿದ್ದವು. ಉಪ್ಪು ಗಾಳಿಯ ಕೆಲಸ ಅರ್ಧ, ಹುಡುಗನ ಉಸಿರಿನದು ಇನ್ನರ್ಧ. ಆಟ ನಿಂತಾಗಲೆಲ್ಲ ಕ್ಯಾಸೆಟ್ ತೆಗೆದು ‘ಫೂ’ ಎಂದು ಊದುವುದು ಆಗ ಎಲ್ಲ ಮನೆಗಳ ಮಂತ್ರ. ಊದಿದ ಮೇಲೆ ನಡೆಯುತ್ತಿದ್ದದ್ದು ಮತ್ತೆ ತೆಗೆದು ಹಾಕಿದ್ದರಿಂದ. ಉಸಿರಿನ ತೇವ ತಾಮ್ರವನ್ನು ತಿನ್ನುತ್ತಿತ್ತು. ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಒರೆಸಿಕೊಟ್ಟೆ. ಆಟಗಳು ಮರಳಿ ಬಂದವು.

ನಮ್ಮ ಟಿವಿಗಳು ಸೆಕೆಂಡಿಗೆ 50 ಬಾರಿ ಪರದೆ ತುಂಬುವವು, ಜಪಾನಿನವು 60. ಆಟದ ಗಡಿಯಾರ ಪರದೆಯ ಲೆಕ್ಕದಲ್ಲೇ ನಡೆಯುತ್ತಿದ್ದುದರಿಂದ ನಮ್ಮ ಬಗೆಯ ಟಿವಿಗೆ ಹೊಂದಿಸಿದ ನಕಲು ಸೆಟ್ಟುಗಳಲ್ಲಿ ಹಾಡೂ ಓಟವೂ ಆರನೆಯ ಒಂದು ಪಾಲು ನಿಧಾನ. ನಿಮ್ಮ ಚಿಕ್ಕಪ್ಪನಿಗೆ ಬಾಯಿಪಾಠವಾಗಿರುವ ಮಟ್ಟು ವಿಲಂಬಿತದ್ದು. ಈಗ ಅಂತರ್ಜಾಲದಲ್ಲಿ ಮೂಲವನ್ನು ಕೇಳಿಸಿದರೆ ‘ಯಾಕಿಷ್ಟು ಅವಸರ’ ಎಂದು ಕೇಳಬಹುದು.

ಇನ್ನು ಬಂದೂಕು. ಬಾತುಕೋಳಿ ಹೊಡೆಯುವ ಆಟದ ಆ ಪ್ಲಾಸ್ಟಿಕ್ ಬಂದೂಕಿನಿಂದ ಏನೋ ಕಿರಣ ಹೊರಟು ಟಿವಿಗೆ ತಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಅದು ಬೆಳಕು ಬಿಡುವುದಿಲ್ಲ, ನೋಡುತ್ತದೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಒಂದು ಚಿತ್ರದ ಹೊತ್ತು ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಎರಡು ಬಾತುಕೋಳಿ ಇದ್ದರೆ ಒಂದಾದ ಮೇಲೆ ಒಂದು. ನಳಿಗೆಯೊಳಗಿನ ಸೆನ್ಸರ್ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ತಾಗಿತು. ಬಲ್ಬಿನ ಕಡೆ ಗುರಿಯಿಟ್ಟು ಮೋಸ ಮಾಡಲು ಹೋದವರಿಗೆ ಆ ಕಪ್ಪು ಸಿಗುತ್ತಿರಲಿಲ್ಲ.

ಅಣ್ಣನಿಗೆ ಸಮಾಧಾನವಾಗಲು ಹೇಳುತ್ತೇನೆ, ಮೂರನೆಯ ಸ್ಥಾನ ಪ್ಲೇಸ್ಟೇಷನ್ನಿಗೆ. ಆದರೆ ಒಂದನೆಯದಕ್ಕೆ, 1994ರ ಡಿಸೆಂಬರಿನದಕ್ಕೆ. ಅದು ಹುಟ್ಟಿದ್ದೇ ಒಂದು ಮುರಿದ ಸಂಬಂಧದಿಂದ. ನಿಂಟೆಂಡೋಗೆ ಸಿಡಿ ಓದುವ ಯಂತ್ರ ಮಾಡಿಕೊಡಲು ಸೋನಿ ಒಪ್ಪಂದ ಮಾಡಿಕೊಂಡಿತ್ತು. 1991ರ ಜೂನಿನಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಸೋನಿ ಅದನ್ನು ಘೋಷಿಸಿದ ಮರುದಿನವೇ ನಿಂಟೆಂಡೋ, ತಾನು ಫಿಲಿಪ್ಸ್ ಜೊತೆ ಕೈಜೋಡಿಸುತ್ತೇನೆ ಎಂದಿತು. ನಿಶ್ಚಿತಾರ್ಥದ ಮರುದಿನ ಬೇರೆ ಸಂಬಂಧ ನೋಡಿದ ಹಾಗೆ. ಕೆನ್ ಕುತರಾಗಿ ಎಂಬ ಎಂಜಿನಿಯರ್ ಸೋನಿಯೊಳಗೇ ಹೋರಾಡಿ ಸ್ವಂತ ಯಂತ್ರ ತಂದರು. ಸಿಡಿಯಲ್ಲಿ ಸುಮಾರು 650 ಮೆಗಾಬೈಟ್ ಜಾಗ. ಎದುರಾಳಿ ನಿಂಟೆಂಡೋ 64ರ ಅತಿ ದೊಡ್ಡ ಕ್ಯಾಸೆಟ್ 64 ಮೆಗಾಬೈಟ್. ಸಿಡಿ ಒತ್ತುವ ಖರ್ಚೂ ಕ್ಯಾಸೆಟ್ಟಿಗಿಂತ ಬಹಳ ಕಡಿಮೆ. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿಡಿ ತುಂಬಿಕೊಂಡು ಬಂದಾಗ, ಆಟ ಎಂದರೆ ಸಿನಿಮಾದಷ್ಟು ವಿಸ್ತಾರವಾಗಿರಬಹುದು ಎಂದು ಜನಕ್ಕೆ ಅನ್ನಿಸಿತು. ಸಿಡಿ ಅಗ್ಗವಾದದ್ದು ಕಳ್ಳ ಪ್ರತಿ ಮಾಡುವವರಿಗೂ ಅನುಕೂಲವಾಯಿತು. ಪ್ರತಿ ಓದುವ ಚಿಪ್ ಕೂರಿಸಿಕೊಡಿ ಎಂದು ಬಂದವರನ್ನೆಲ್ಲ ವಾಪಸ್ ಕಳಿಸಿದೆ ಎಂದು ಬರೆಯುವ ಆಸೆ ನನಗಿದೆ, ಎಲ್ಲರನ್ನೂ ಕಳಿಸಲಿಲ್ಲ.

ಪ್ಲೇಸ್ಟೇಷನ್ 2 ಈ ಮೊದಲ ಪ್ಲೇಸ್ಟೇಷನ್ನಿನ ತಮ್ಮ. 2000ದಲ್ಲಿ ಬಂತು, ಡಿವಿಡಿಯನ್ನೂ ತೋರಿಸುತ್ತಿತ್ತು, ಅದರಿಂದಲೇ ಎಷ್ಟೋ ಮನೆ ಹೊಕ್ಕಿತು. ಹೈದರಾಬಾದಿನಲ್ಲಿ ತಯಾರಾದ ಹನುಮಂತನ ಆಟವೊಂದು 2009ರಲ್ಲಿ ಅದಕ್ಕೆ ಬಂದದ್ದು ನಮ್ಮ ದೇಶದ ಮಟ್ಟಿಗೆ ನೆನಪಿಡಬೇಕಾದ ಸಂಗತಿ. ಆದರೂ ಹೊಸದಾಗಿ ಅದು ನೆಟ್ಟ ಗಿಡ ಯಾವುದು ಎಂದು ಕೇಳಿದರೆ ನನಗೆ ಉತ್ತರ ಸಿಗುವುದಿಲ್ಲ. ಅಣ್ಣ ಯಂತ್ರ ನೆಟ್ಟದ್ದಕ್ಕೆ ತಮ್ಮ ಯಂತ್ರ ಚೆನ್ನಾಗಿ ನೀರು ಹಾಕಿತು.

ಕೈಯಲ್ಲಿ ಹಿಡಿದು ಆಡುವ, ನಿಂಟೆಂಡೋ ಕಂಪನಿಯ 1989ರ ಗೇಮ್ ಬಾಯ್‌ಗೂ ಒಂದು ಮಾತು ಸಲ್ಲಬೇಕು. ನಾಲ್ಕು ಪೆನ್ಸಿಲ್ ಸೆಲ್ಲು, ಬಣ್ಣವಿಲ್ಲದ ಹಸಿರು ಪರದೆ, ಜೊತೆಗೆ ಟೆಟ್ರಿಸ್. ಬಣ್ಣದ ಪರದೆಯ ಎದುರಾಳಿಗಳು ಆರು ಸೆಲ್ಲನ್ನು ಕೆಲವೇ ಗಂಟೆಯಲ್ಲಿ ನುಂಗಿ ಮಲಗಿದವು. ನಿಮ್ಮೂರ ಮಾರಿಕಾಂಬಾ ಜಾತ್ರೆಯ ಅಂಗಡಿ ಸಾಲಿನಲ್ಲಿ ತೊಂಬತ್ತರ ದಶಕದಲ್ಲಿ ಸಿಗುತ್ತಿದ್ದ, ಇಟ್ಟಿಗೆ ಬೀಳುವ ಆ ಕೈ ಗೇಮ್ ಇದೇ ಜೋಡಿಯ ಬಡ ನೆಂಟ. ಎಕ್ಸ್‌ಬಾಕ್ಸ್ 2001ರಲ್ಲಿ ಹಾರ್ಡ್‌ಡಿಸ್ಕ್ ಮತ್ತು ಇಂಟರ್‌ನೆಟ್ ಕಿಂಡಿಯನ್ನು ಪೆಟ್ಟಿಗೆಯೊಳಗೇ ಕೊಟ್ಟಿತು, ಇಂದಿನ ಆನ್‌ಲೈನ್ ಕಾದಾಟದ ದಾರಿ ಅದು. ನಿಂಟೆಂಡೋ ಕಂಪನಿಯ 2006ರ ವೀ (Wii) ಎಂಬ ಯಂತ್ರ ಕೈ ಬೀಸಿ ಆಡುವುದನ್ನು ಕಲಿಸಿತು. ನಮ್ಮ ಕಡೆ ಕಂಡವರು ಕಡಿಮೆ.

ಕೊನೆಗೆ ಅಟ್ಟದ ಸೆಟ್ಟು. ಅಡುಗೆಮನೆಯ ಮೇಲಿನ ಅಟ್ಟವಾದರೆ ಹೊಗೆಯ ಜಿಡ್ಡು ಒಳಗೂ ಕೂತಿರುತ್ತದೆ. ಮೊದಲು ಬಿಚ್ಚಿ, ಒಣ ಬ್ರಷ್ಷಿನಿಂದ ಝಾಡಿಸಿ. ಕ್ಯಾಸೆಟ್ಟಿನ ಅಂಚನ್ನು ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡ. ಹಳೆಯದಾಗಲಿ ಹೊಸದಾಗಲಿ, ಅಡಾಪ್ಟರನ್ನು ಋಣ-ಧನ ನೋಡದೆ ನೇರ ಚುಚ್ಚಬೇಡಿ. ಈ ಸೆಟ್ಟುಗಳಲ್ಲಿ ಹಲವಕ್ಕೆ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ; ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅದಕ್ಕೆ ತದ್ವಿರುದ್ಧ. ಒಳಗೆ ಅಲ್ಯೂಮಿನಿಯಂ ತಗಡಿಗೆ ಬಿಗಿದ ಮೂರು ಕಾಲಿನ 7805 ಎಂಬ ಭಾಗ ಕಾಣುತ್ತದೆ. ಅಕ್ಷರ ನಿಮ್ಮ ಕಡೆಗಿರುವಂತೆ ಹಿಡಿದರೆ ಬಲಗಾಲಿನಲ್ಲಿ ಮೀಟರು 5 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ಅದನ್ನು ಬದಲಾಯಿಸಿ, ಕೆಲವು ರೂಪಾಯಿಯ ವಸ್ತು. ಪಕ್ಕದ ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದನ್ನೂ ಬದಲಾಯಿಸಿ.

ಹಳದಿ ಬಣ್ಣದ ಎವಿ ಕಿಂಡಿ ಇರುವ ಎಲ್‌ಇಡಿ ಟಿವಿಯಲ್ಲಿ ಮಾರಿಯೋ ಓಡುತ್ತಾನೆ. ಬಂದೂಕು ಮಾತ್ರ ನಡೆಯದು. ಹೊಸ ಟಿವಿ ಚಿತ್ರವನ್ನು ಒಳಗೆ ಸಂಸ್ಕರಿಸಿ ಸ್ವಲ್ಪ ತಡವಾಗಿ ತೋರಿಸುತ್ತದೆ. ಬಂದೂಕು ನೋಡುವ ಹೊತ್ತಿಗೆ ಬಿಳಿ ಚೌಕ ಇನ್ನೂ ಬಂದೇ ಇರುವುದಿಲ್ಲ. ಬಾತುಕೋಳಿ ಬೇಕೇ ಬೇಕೆಂದು ಚಿಕ್ಕಪ್ಪ ಹಟ ಹಿಡಿದರೆ, ಸುಲಿಗೆ ಮುಗಿದ ಮೇಲೆ ಸೆಟ್ಟನ್ನೂ ಅವರನ್ನೂ ಕರೆದುಕೊಂಡು ಘಟ್ಟ ಇಳಿದು ಬನ್ನಿ. ಕೆಲಸ ಮಾಡುವ ಟ್ಯೂಬ್ ಟಿವಿಯೊಂದನ್ನು ನಾನು ಇನ್ನೂ ಯಾರಿಗೂ ಕೊಟ್ಟಿಲ್ಲ.